ಕತ್ತಿಗೆ ಹಿಡಿ ಕೂರಿಸುವುದು ಹೇಗೆ?

ಪ್ರೀತಿಯ ಸ್ನೇಹಿತರೇ, ನಿಮಗೊಂದು ಪ್ರಶ್ನೆ. ಕತ್ತಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಯಾವುದು? ನೀವೆಲ್ಲ ಅಲಗು ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಭಾಗ ಇದೆ. ಅದು ಅಲಗಿನ ಬುಡದಿಂದ ಇಲಿ ಬಾಲದ ಹಾಗೆ ಹೊರಟು ಹಿಡಿಯ ಒಳಗೆ ಹೋಗಿರುತ್ತದೆ. ಈ ಲೇಖನದಲ್ಲಿ ಅದನ್ನು ಬಾಲ ಎಂದೇ ಕರೆಯುತ್ತೇನೆ. ಬಾಲ ಸಡಿಲವಾದರೆ ಏನಾಗುತ್ತೆ ಅಂತ ನನಗೆ ನಮ್ಮ ಹೊಲದಲ್ಲೇ ಗೊತ್ತಾಯಿತು.

ಈ ಸಲ ರಾಗಿ ಕುಯ್ಲಿನಲ್ಲಿ ಅವ್ವನ ಕುಡ್ಲು ಹಿಡಿಯೊಳಗೇ ಗಿರಕ್ಕನೆ ತಿರುಗಿಬಿಟ್ಟಿತು. ಎಡಗೈ ಬೆರಳು ಕುಯ್ದು ರಕ್ತ ಸುರಿಯಿತು. ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿದರು. ಅವ್ವ ಮಾತ್ರ ಕೇಳಿದವರಿಗೆಲ್ಲ "ನಂದೇ ಕೈ ಜಾರ್ತು" ಅಂತ ಹೇಳುತ್ತಿದ್ದಳು.

ಮಾರನೆಯ ದಿನ ನಾನು ಕುಡ್ಲು ತಗೊಂಡು ಕುಲುಮೆಗೆ ಹೋದೆ. ಆಚಾರ್ರ ತಾತ ಹಿಡಿಯನ್ನು ತಿರುಗಿಸಿ ನೋಡಿ, "ಇದನ್ನ ಒಲೆ ಹತ್ರ ಇಟ್ಟೋರು ಯಾರ್ಲಾ?" ಅಂದರು. ನನ್ನ ಎದೆ ಧಸಕ್ಕೆಂದಿತು. ಇಟ್ಟವನು ನಾನೇ. ಮಂಜಿನಲ್ಲಿ ನೆನೆದಿತ್ತು, ಒಣಗಲಿ ಅಂತ ರಾತ್ರಿ ಒಲೆಯ ಪಕ್ಕಕ್ಕೆ ಒರಗಿಸಿದ್ದೆ.

ತಾತ ಬೈಯಲಿಲ್ಲ. ಹಿಡಿ ಒಡೆದು ಒಳಗೆ ತೋರಿಸಿದರು. ಬಾಲದ ಸುತ್ತ ಕಂದು ಬಣ್ಣದ ಗಟ್ಟಿ ವಸ್ತು ಇತ್ತು. ಅದೇ ಅರಗು. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಅರಗಿನ ಮನೆಯ ಅರಗು! ಒಂದು ಜಾತಿಯ ಸಣ್ಣ ಹುಳು ಮುತ್ತುಗ, ಎಲಚಿ ಮುಂತಾದ ಮರಗಳ ರಸ ಹೀರಿ ತನ್ನ ಮೈ ಸುತ್ತ ಸುರಿಸುವ ಅಂಟು ಇದು. ಚನ್ನಪಟ್ಟಣದ ಗೊಂಬೆಗಳ ಮೇಲಿನ ಹೊಳಪೂ ಅರಗಿನದೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ.

ಅರಗು ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಅಂದರೆ ಕುದಿಯುವ ನೀರಿನ ಬಿಸಿ ಕೂಡ ಅದಕ್ಕೆ ಬೇಡ. ಕಬ್ಬಿಣ ಉತ್ತಮ ಉಷ್ಣವಾಹಕ ಎಂದು ವಿಜ್ಞಾನದಲ್ಲಿ ಓದಿದ್ದೇವಲ್ಲ? ಒಲೆಯ ಬಿಸಿ ಅಲಗಿನಿಂದ ಬಾಲಕ್ಕೆ ಹೋಯಿತು. ಅರಗು ಮೆತ್ತಗಾಗಿ ಬಾಲ ಅಲುಗಿ ಜಾಗ ಬಿಟ್ಟಿತು. ಬೆಳಿಗ್ಗೆ ಅರಗು ಮತ್ತೆ ಗಟ್ಟಿಯಾಗಿತ್ತು, ಆದರೆ ಬಾಲವನ್ನು ಹಿಡಿದುಕೊಂಡಿರಲಿಲ್ಲ. ಹೊರಗಿನಿಂದ ನೋಡಿದರೆ ಕುಡ್ಲು ಚೆನ್ನಾಗಿಯೇ ಇತ್ತು!

ತಾತ ಹೊಸ ಹಿಡಿ ಕೂರಿಸಿದ್ದು ಹೀಗೆ:

1. ಚೆನ್ನಾಗಿ ಒಣಗಿದ ಜಾಲಿ ಮರದ ಹಿಡಿ ತೆಗೆದುಕೊಂಡರು. ಹಸಿ ಮರ ಆದರೆ ಆಮೇಲೆ ಒಣಗಿ ಬಿರುಕು ಬಿಡುತ್ತದೆ.

2. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ತೊಡಿಸಿದರು. ಬಾಲ ಒಳಗೆ ಹೋಗುವಾಗ ಮರ ಸೀಳದೆ ಇರಲು ಇದು ಬೇಕು.

3. ಬಾಲಕ್ಕಿಂತ ಸ್ವಲ್ಪ ಸಣ್ಣ ತೂತು ಕೊರೆದರು. ಬಾಲ ಚೌಕವಾಗಿ, ತುದಿಗೆ ಹೋದಂತೆ ಸಣ್ಣದಾಗಿ ಇರುತ್ತದೆ. ದುಂಡಗಿದ್ದರೆ ಒಳಗೇ ತಿರುಗಿಬಿಡುತ್ತದೆ.

4. ಅರಗಿನ ಪುಡಿಗೆ ನುಣ್ಣನೆಯ ಇಟ್ಟಿಗೆ ಪುಡಿ ಬೆರೆಸಿ ತೂತಿಗೆ ತುಂಬಿದರು. ಬರೀ ಅರಗು ಬೇಗ ಸಿಡಿದು ಹೋಗುತ್ತದಂತೆ.

5. ಅಲಗಿಗೆ ಒದ್ದೆ ಬಟ್ಟೆ ಸುತ್ತಿ ಬಾಲವನ್ನು ಮಾತ್ರ ಬೆಂಕಿಯಲ್ಲಿ ಕಾಯಿಸಿದರು. ಅಲಗು ಕಾದರೆ ಅದಕ್ಕೆ ಕೊಟ್ಟ ಹದ ಕೆಡುತ್ತದೆ.

6. ಬಿಸಿ ಬಾಲವನ್ನು ತೂತಿಗೆ ಇಳಿಸಿ, ಹಿಡಿಯ ಬುಡಕ್ಕೆ ಸುತ್ತಿಗೆಯಿಂದ ಟಕ್ ಟಕ್ ಎಂದು ಹೊಡೆದರು. ಹೊಡೆದದ್ದು ಹಿಡಿಗೆ, ಒಳಗೆ ಹೋದದ್ದು ಬಾಲ! ಇದಕ್ಕೆ ಜಡತ್ವ ಕಾರಣ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ಹಿಡಿ ಮುಂದಕ್ಕೆ ಸರಿದರೂ ಭಾರವಾದ ಅಲಗು ಇದ್ದಲ್ಲೇ ಇರಲು ನೋಡುತ್ತದೆ.

ಸಂಜೆವರೆಗೂ ಅದನ್ನು ಮುಟ್ಟಲು ತಾತ ಬಿಡಲಿಲ್ಲ. ನೀರಿಗೆ ಅದ್ದದೆ ತಾನಾಗಿಯೇ ಆರಬೇಕಂತೆ.

ಹಾಗಾದರೆ ರಾಜರ ಕತ್ತಿಗಳಿಗೆ ಏನು ಮಾಡುತ್ತಿದ್ದರು ಅಂತ ಸಮಾಜ ಪಾಠದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನು ಕೇಳಿ ಆಶ್ಚರ್ಯವಾಯಿತು. ಮೊಗಲರು, ರಜಪೂತರು, ಮರಾಠರು ಹಿಡಿಯುತ್ತಿದ್ದ ಬಾಗಿದ ತಲವಾರಿಗೂ ಇದೇ ಅರಗು! ತಲವಾರಿನ ಹಿಡಿ ಸಾಮಾನ್ಯವಾಗಿ ಕಬ್ಬಿಣದ್ದು, ಒಳಗೆ ಟೊಳ್ಳು, ತುದಿಯಲ್ಲಿ ತಟ್ಟೆಯಂಥ ಬಿಲ್ಲೆ. ಆ ಟೊಳ್ಳಿಗೆ ಬಿಸಿ ಅರಗು ತುಂಬಿ ಗಿಡ್ಡ ಬಾಲವನ್ನು ಇಳಿಸುತ್ತಿದ್ದರು. ಅಲಗು ಮುರಿದರೆ ಹಿಡಿಯನ್ನು ಬಿಸಿ ಮಾಡಿ ಕಿತ್ತು, ಅದೇ ಹಿಡಿಗೆ ಬೇರೆ ಅಲಗು ಕೂರಿಸಬಹುದಿತ್ತು. ಅದಕ್ಕೇ ಕೆಲವು ಹಳೆಯ ತಲವಾರುಗಳಲ್ಲಿ ಹಿಡಿ ಒಂದು ಕಾಲದ್ದು, ಅಲಗು ಇನ್ನೊಂದು ಕಾಲದ್ದು.

ಬೇರೆ ದೇಶಗಳಲ್ಲಿ ಬೇರೆ ರೀತಿ. ಯೂರೋಪಿನ ಅನೇಕ ಕತ್ತಿಗಳಲ್ಲಿ ಉದ್ದನೆಯ ಬಾಲ ಹಿಡಿಯನ್ನೂ ಅದರ ತುದಿಯ ಗುಂಡನ್ನೂ ದಾಟಿ ಹೊರಗೆ ಬರುತ್ತಿತ್ತು. ಆ ತುದಿಯನ್ನು ಬಡಿದು ಮೊಳೆಯ ತಲೆಯ ಹಾಗೆ ಅಗಲ ಮಾಡುತ್ತಿದ್ದರು. ಜಪಾನಿನ ಕತ್ತಿಯಲ್ಲಿ ಹಿಡಿ ಮತ್ತು ಬಾಲ ಎರಡರಲ್ಲೂ ತೂತು ಇರುತ್ತದೆ. ಅದಕ್ಕೆ ಸಣ್ಣ ಬಿದಿರಿನ ಗೂಟ ತೂರಿಸುತ್ತಾರೆ. ಗೂಟ ತೆಗೆದರೆ ಹಿಡಿ ಕಳಚುತ್ತದೆ. ಅಲ್ಲಿನ ಕತ್ತಿ ಮಾಡುವವರು ತಮ್ಮ ಹೆಸರನ್ನು ಕೆತ್ತುವುದು ಯಾರಿಗೂ ಕಾಣದ ಆ ಬಾಲದ ಮೇಲೆಯೇ!

ಸ್ನೇಹಿತರೇ, ನಮ್ಮ ಮನೆಗಳಲ್ಲಿ ತಲವಾರು ಇಲ್ಲ. ಆದರೆ ಕುಡ್ಲು, ಮಚ್ಚು ಇಲ್ಲದ ಮನೆ ಇಲ್ಲ. ಆದ್ದರಿಂದ ಇವನ್ನು ನೆನಪಿಡಿ. ಹಿಡಿ ಇರುವ ಆಯುಧವನ್ನು ಒಲೆಯ ಹತ್ತಿರ ಇಡಬೇಡಿ, ಬಿಸಿನೀರಿನಲ್ಲಿ ತೊಳೆಯಬೇಡಿ. ಕೆಲಸಕ್ಕೆ ಮುಂಚೆ ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ, ಕಟಕಟ ಅಂದರೆ ಕುಲುಮೆಗೆ ಕೊಡಿ. ಬಾಯಿಗೆ ಬಟ್ಟೆ ತುರುಕಿ ಬಿಗಿ ಮಾಡಬೇಡಿ. ಅದು ಬಿಗಿಯಾದಂತೆ ಕಾಣುತ್ತದೆ, ಅಷ್ಟೆ.

ಈ ಲೇಖನ ಬರೆದಾದ ಮೇಲೆ ಒಂದು ಯೋಚನೆ ಬಂತು. ಶಾಲೆಯವರೆಲ್ಲ ಇದನ್ನು ಓದುತ್ತಾರೆ, ಆದರೆ ನಮ್ಮ ಅವ್ವನಿಗೆ ಓದಲು ಬರುವುದಿಲ್ಲ. ಆದ್ದರಿಂದ ಇದನ್ನು ಗೋಡೆಗೆ ಅಂಟಿಸುವ ಹಿಂದಿನ ರಾತ್ರಿ ನಾನೇ ಅವಳ ಮುಂದೆ ಕೂತು ಪೂರ್ತಿ ಓದಿದೆ. ಒಲೆಯ ವಿಷಯ ಬಂದಾಗ ನನ್ನ ಧ್ವನಿ ನಡುಗಿತು. ಅವ್ವ ಬೆರಳು ನೋಡಿಕೊಂಡು, "ನಂಗೆ ಅವತ್ತೇ ಗೊತ್ತಿತ್ತು ಕಣೋ, ಮುಂದಕ್ ಓದು" ಅಂದಳು.

— 7ನೇ ತರಗತಿ ವಿದ್ಯಾರ್ಥಿ