ಕ್ರಿಯಾತ್ಮಕ ಜೀರ್ಣಾಂಗ ತೊಂದರೆಗಳು

ಎಂಡೋಸ್ಕೋಪಿ, ರಕ್ತಪರೀಕ್ಷೆ ಮುಂತಾದವುಗಳಲ್ಲಿ ಕಾರಣ ಕಾಣಿಸದಿದ್ದರೂ ಹೊಟ್ಟೆನೋವು, ಉಬ್ಬರ, ಅಜೀರ್ಣ, ಮಲಬದ್ಧತೆ ಅಥವಾ ಭೇದಿ ಪದೇ ಪದೇ ಮರುಕಳಿಸುವ ಸ್ಥಿತಿಗಳನ್ನು ಕ್ರಿಯಾತ್ಮಕ ಜೀರ್ಣಾಂಗ ತೊಂದರೆಗಳು ಎನ್ನುತ್ತಾರೆ. ಇವು ಕಲ್ಪಿತ ಕಾಯಿಲೆಗಳಲ್ಲ. ಕರುಳಿನ ಚಲನೆ, ಸಂವೇದನೆ ಹಾಗೂ ಮಿದುಳು-ಕರುಳಿನ ನಡುವಣ ಸಂವಹನದ ಏರುಪೇರಿಗೆ ಸಂಬಂಧಿಸಿದವು. 2016ರ ರೋಮ್-4 ಮಾನದಂಡಗಳು ಇವುಗಳನ್ನು ಲಕ್ಷಣಗಳ ಆಧಾರದಿಂದ ಗುರುತಿಸುತ್ತವೆ.

ವ್ಯಾಪಕತೆ

33 ದೇಶಗಳ ಸಮೀಕ್ಷೆಯೊಂದು 2021ರಲ್ಲಿ ಪ್ರಕಟವಾಯಿತು. ಅಂತರಜಾಲದ ಮೂಲಕ ಉತ್ತರಿಸಿದ ವಯಸ್ಕರಲ್ಲಿ ಸುಮಾರು ಶೇ. 40 ಮಂದಿಗೆ, ಭಾರತವೂ ಸೇರಿದಂತೆ ಮನೆಗೆ ತೆರಳಿ ಸಂದರ್ಶಿಸಿದ ದೇಶಗಳಲ್ಲಿ ಸುಮಾರು ಶೇ. 21 ಮಂದಿಗೆ ಇಂತಹ ಒಂದಾದರೂ ತೊಂದರೆಯಿತ್ತು. ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. ಭಾರತೀಯ ಜಠರಕರುಳು ತಜ್ಞರ ಸಂಘದ ಕಾರ್ಯಪಡೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮುದಾಯದ ಶೇ. 4.2 ಮಂದಿಯಲ್ಲಿ ಕೆರಳುವ ಕರುಳಿನ ಲಕ್ಷಣಕೂಟ (ಐಬಿಎಸ್) ಕಂಡುಬಂದಿತು. ಜೀರ್ಣಾಂಗ ತಜ್ಞರ ಬಳಿ ಬರುವವರಲ್ಲಿ ಇಂತಹ ತೊಂದರೆಗಳ ಪಾಲು ಬಹಳ ದೊಡ್ಡದು: ಹಲವು ಕಡೆ ಮೂರನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು.

ಕೈಗಾ, ಕಾರವಾರಗಳಿಂದ ಬೆಂಗಳೂರಿನವರೆಗೆ ಕನ್ನಡಿಗರು ಇವೆಲ್ಲವನ್ನೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಪದದಲ್ಲಿ ಹೇಳುವುದುಂಟು. ಅಂಗಡಿಯ ಮಾತ್ರೆಯಲ್ಲೇ ವರ್ಷಗಳು ಕಳೆಯುವುದರಿಂದ ನಿಜವಾದ ರೋಗವೂ ಮರೆಯಾಗಿ ಉಳಿಯಬಹುದು. ತೂಕ ಇಳಿಕೆ, ಮಲದಲ್ಲಿ ರಕ್ತ, ರಕ್ತಹೀನತೆ, ನುಂಗಲು ಕಷ್ಟ ಇವುಗಳಲ್ಲಿ ಯಾವುದಿದ್ದರೂ ಕ್ರಿಯಾತ್ಮಕ ತೊಂದರೆ ಎಂದು ತೀರ್ಮಾನಿಸುವ ಮುನ್ನ ವೈದ್ಯರು ಬೇರೆ ಕಾರಣಗಳನ್ನು ಪರೀಕ್ಷಿಸುತ್ತಾರೆ.