ಗುರುತಿನ ಚೀಟಿ ಕೇಳಿದರೆ ತಪ್ಪೇನು? ಅಮೆರಿಕದ ಮತದಾನ ಕಾಯ್ದೆಗಳ ಜಗಳ

ಮತ ಹಾಕಲು ಬಂದವರ ಹತ್ತಿರ ಗುರುತಿನ ಚೀಟಿ ಕೇಳಿದರೆ ತಪ್ಪೇನು? ಅಮೆರಿಕದ ಚುನಾವಣಾ ಸುದ್ದಿ ಓದುವ ಕನ್ನಡಿಗರಿಗೆ ಮೊದಲು ಹುಟ್ಟುವ ಪ್ರಶ್ನೆ ಇದು. ನಾವು ಎಪಿಕ್ ಕಾರ್ಡ್ ಇಲ್ಲದಿದ್ದರೆ ಆಧಾರ್, ಅದೂ ಸಿಗದಿದ್ದರೆ ಫೋಟೊ ಇರುವ ಪಾಸ್‌ಬುಕ್ಕೋ ನರೇಗಾ ಜಾಬ್ ಕಾರ್ಡೋ ಹಿಡಿದು ಸಾಲಿನಲ್ಲಿ ನಿಲ್ಲುತ್ತೇವೆ. ಅದನ್ನು ದಬ್ಬಾಳಿಕೆ ಎಂದು ಯಾರೂ ಕರೆಯುವುದಿಲ್ಲ. ಅಲ್ಲಿ ಮಾತ್ರ ಇಂಥ ನಿಯಮ ಬಂದ ಕೂಡಲೇ ಒಂದು ಪಕ್ಷ ‘ಅಕ್ರಮ ತಡೆ’ ಎನ್ನುತ್ತದೆ, ಇನ್ನೊಂದು ‘ಕಪ್ಪು ಜನರ ಮತಕ್ಕೆ ಕಲ್ಲು’ ಎನ್ನುತ್ತದೆ, ಮರುದಿನವೇ ಕೋರ್ಟಿನಲ್ಲಿ ಅರ್ಜಿ ಬೀಳುತ್ತದೆ.

ಕಾರಣ ಹುಡುಕಬೇಕಾದ್ದು ಚೀಟಿಯಲ್ಲಲ್ಲ, ಚುನಾವಣೆ ನಡೆಸುವ ವ್ಯವಸ್ಥೆಯಲ್ಲಿ. ನಮ್ಮ ಚುನಾವಣಾ ಆಯೋಗದ ಹಾಗೆ ಇಡೀ ದೇಶದ ಮತದಾನ ನಡೆಸುವ ಒಂದು ಸಂಸ್ಥೆ ಅಮೆರಿಕದಲ್ಲಿಲ್ಲ. ಸಂವಿಧಾನ ಆ ಕೆಲಸವನ್ನು ರಾಜ್ಯಗಳಿಗೆ ಬಿಟ್ಟಿದೆ, ರಾಜ್ಯಗಳು ನಮ್ಮ ಜಿಲ್ಲೆಗಳಂಥ ಕೌಂಟಿಗಳಿಗೆ ಹಂಚಿವೆ. ಹೆಸರು ನೋಂದಣಿಯ ಕೊನೇ ದಿನ, ಅಂಚೆ ಮತದ ನಿಯಮ, ಮತಗಟ್ಟೆಯ ಜಾಗ ಎಲ್ಲವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆ ನಿಯಮ ಬರೆಯುವುದು ರಾಜ್ಯದ ಶಾಸನಸಭೆ, ಅಂದರೆ ಮುಂದಿನ ಚುನಾವಣೆ ಗೆಲ್ಲಬೇಕಾದವರೇ. ಇಲ್ಲಿ ಬಿಎಲ್‌ಒ ಮನೆ ಬಾಗಿಲಿಗೆ ಬಂದು ಹೆಸರು ಬರೆದುಕೊಳ್ಳುತ್ತಾರೆ. ಅಲ್ಲಿ ಹಲವು ಕಡೆ ಪಟ್ಟಿಗೆ ಸೇರುವುದು, ಮನೆ ಬದಲಿಸಿದರೆ ಸರಿಪಡಿಸಿಕೊಳ್ಳುವುದು ಮತದಾರನದೇ ಹೊಣೆ.

ಎಲ್ಲರಿಗೂ ಕೊಡುವ ರಾಷ್ಟ್ರೀಯ ಗುರುತಿನ ಚೀಟಿಯೂ ಇಲ್ಲ. ಫೋಟೊ ಗುರುತು ಎಂದರೆ ಹೆಚ್ಚುಕಡಿಮೆ ಡ್ರೈವಿಂಗ್ ಲೈಸೆನ್ಸ್. ಕಾರಿಲ್ಲದ ನಗರದ ಬಡವರು, ಗಾಡಿ ಓಡಿಸುವುದು ಬಿಟ್ಟ ಮುದುಕರು, ವಿದ್ಯಾರ್ಥಿಗಳಲ್ಲಿ ಹಲವರ ಹತ್ತಿರ ಅದಿರುವುದಿಲ್ಲ. ರಾಜ್ಯ ಬಿಟ್ಟಿಯಾಗಿ ಚೀಟಿ ಕೊಡುತ್ತೇನೆಂದರೂ ಅದಕ್ಕೆ ಜನನ ಪತ್ರ ಬೇಕು. ದಕ್ಷಿಣದ ಹಳ್ಳಿಗಳಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಹಿರಿಯ ಕಪ್ಪು ಜನರಲ್ಲಿ ಹಲವರಿಗೆ ಅದೇ ಇಲ್ಲ. ಟೆಕ್ಸಸ್‌ನ 2011ರ ಕಾಯ್ದೆ ಬಂದೂಕಿನ ಪರವಾನಗಿಯನ್ನು ಒಪ್ಪಿತು, ವಿಶ್ವವಿದ್ಯಾಲಯದ ಗುರುತಿನ ಚೀಟಿಯನ್ನು ಒಪ್ಪಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದೂ ಬೇಕಾದ ಚೀಟಿ ಇಲ್ಲದವರು ಆ ರಾಜ್ಯದಲ್ಲಿ ಸುಮಾರು 6 ಲಕ್ಷ ಎಂದು 2014ರಲ್ಲಿ ಫೆಡರಲ್ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು. ಚೀಟಿ ಕೇಳುವುದು ಒಂದು, ಯಾವ ಚೀಟಿ ನಡೆಯುತ್ತದೆ ಎಂದು ಆಯ್ದು ಬರೆಯುವುದು ಇನ್ನೊಂದು. ಜಗಳದ ಬೇರು ಎರಡನೆಯದರಲ್ಲಿದೆ.

ಇದಕ್ಕೆ ಹಳೆಯ ಕಥೆಯೂ ಇದೆ. 1870ರ 15ನೇ ತಿದ್ದುಪಡಿ ಬಣ್ಣದ ಕಾರಣಕ್ಕೆ ಮತ ನಿರಾಕರಿಸುವಂತಿಲ್ಲ ಎಂದಿತು. ದಕ್ಷಿಣದ ರಾಜ್ಯಗಳು ಬಣ್ಣದ ಮಾತೇ ಎತ್ತದೆ ಅದೇ ಕೆಲಸ ಮಾಡಿದವು: ಮತ ಹಾಕಲು ತಲೆಗಂದಾಯ, ಓದುಬರಹದ ಪರೀಕ್ಷೆ, ಅಜ್ಜನಿಗೆ ಮತವಿದ್ದರೆ ಮೊಮ್ಮಗನಿಗೆ ವಿನಾಯಿತಿ. ಕಾಗದದ ಮೇಲೆ ಎಲ್ಲವೂ ಎಲ್ಲರಿಗೂ ಸಮಾನ. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ಮತದ ಹಕ್ಕು ಕೇಳಿ ಮೆರವಣಿಗೆ ಹೊರಟವರ ಮೇಲೆ ಪೊಲೀಸರು ಲಾಠಿ ಬೀಸಿದರು. ಮುಂದಾಳು ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕುಬಿಟ್ಟಿತು. ಅದೇ ವರ್ಷ ಆಗಸ್ಟ್ 6ಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನ ಹಕ್ಕು ಕಾಯ್ದೆಗೆ ಸಹಿ ಹಾಕಿದರು. ಮಿಸಿಸಿಪ್ಪಿಯಲ್ಲಿ ಪಟ್ಟಿಗೆ ಸೇರಿದ ಕಪ್ಪು ಜನರ ಪ್ರಮಾಣ ಶೇ 6.7ರಿಂದ ಎರಡೇ ವರ್ಷದಲ್ಲಿ ಶೇ 60ರ ಹತ್ತಿರಕ್ಕೆ ಏರಿತು.

ಆ ಕಾಯ್ದೆಯ ಶಕ್ತಿಯೆಲ್ಲ 5ನೇ ಸೆಕ್ಷನ್‌ನಲ್ಲಿತ್ತು. ತಾರತಮ್ಯದ ಚರಿತ್ರೆ ಇದ್ದ ರಾಜ್ಯಗಳು ಚುನಾವಣೆಯ ಯಾವುದೇ ನಿಯಮ ಬದಲಿಸಬೇಕಿದ್ದರೂ, ಮತಗಟ್ಟೆಯೊಂದನ್ನು ಪಕ್ಕದ ಬೀದಿಗೆ ಸಾಗಿಸಬೇಕಿದ್ದರೂ, ಮೊದಲು ಕೇಂದ್ರದ ನ್ಯಾಯ ಇಲಾಖೆಯಿಂದ ಇಲ್ಲವೇ ವಾಷಿಂಗ್ಟನ್‌ನ ನ್ಯಾಯಾಲಯದಿಂದ ಒಪ್ಪಿಗೆ ಪಡೆಯಬೇಕಿತ್ತು. ಈ ಬದಲಾವಣೆಯಿಂದ ಅಲ್ಪಸಂಖ್ಯಾತರಿಗೆ ತೊಂದರೆಯಿಲ್ಲ ಎಂದು ತೋರಿಸುವ ಹೊರೆ ರಾಜ್ಯದ್ದು. 2013ರ ಜೂನ್ 25ರಂದು ‘ಶೆಲ್ಬಿ ಕೌಂಟಿ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಈ ಏರ್ಪಾಡನ್ನು ನಿಲ್ಲಿಸಿತು. ಯಾವ ರಾಜ್ಯಕ್ಕೆ ಈ ನಿಯಮ ಎಂದು ಗುರುತಿಸುವ ಸೂತ್ರ ಹಳತಾಗಿದೆ, ದಕ್ಷಿಣ ಬದಲಾಗಿದೆ ಎಂಬುದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರ ವಾದ. ನಾನು ನೆನೆಯುತ್ತಿಲ್ಲ ಎಂದು ಮಳೆಯ ನಡುವೆಯೇ ಕೊಡೆ ಎಸೆದ ಹಾಗಾಯಿತು ಎಂದು ರುತ್ ಬೇಡರ್ ಗಿನ್ಸ್‌ಬರ್ಗ್ ಭಿನ್ನಮತದಲ್ಲಿ ಬರೆದರು. ತೀರ್ಪು ಬಂದ ದಿನವೇ ಟೆಕ್ಸಸ್ ತನ್ನ ಗುರುತಿನ ಚೀಟಿ ಕಾಯ್ದೆ ಜಾರಿಯಾಗುತ್ತದೆ ಎಂದು ಘೋಷಿಸಿತು.

ಈಗ ಉಳಿದಿರುವುದು 2ನೇ ಸೆಕ್ಷನ್. ಇದು ದೇಶಕ್ಕೆಲ್ಲ ಅನ್ವಯ, ಆದರೆ ನಿಯಮ ಜಾರಿಯಾದ ಮೇಲೆ ಬಾಧಿತರು ದಾವೆ ಹೂಡಿ ತಾವೇ ಸಾಬೀತು ಮಾಡಬೇಕು. ಇಷ್ಟರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ನಾರ್ತ್ ಕ್ಯಾರೊಲಿನಾ ನೋಡಬೇಕು. ಶೆಲ್ಬಿ ತೀರ್ಪಿನ ಬೆನ್ನಿಗೇ ಅಲ್ಲಿನ ಶಾಸಕರು ಚೀಟಿ ಕಡ್ಡಾಯ ಮಾಡಿದರು, ಮುಂಚಿತ ಮತದಾನವನ್ನು 17 ದಿನಗಳಿಂದ 10ಕ್ಕೆ ಇಳಿಸಿದರು, ಅದೇ ದಿನ ಹೆಸರು ಸೇರಿಸಿ ಮತ ಹಾಕುವ ಅವಕಾಶ ತೆಗೆದರು. ಮೊಟಕಾದ ದಿನಗಳಲ್ಲಿ ಒಂದು ಭಾನುವಾರವೂ ಇತ್ತು. ಕಪ್ಪು ಜನರ ಚರ್ಚುಗಳು ಪ್ರಾರ್ಥನೆ ಮುಗಿಸಿ ಬಸ್ಸಿನಲ್ಲಿ ಜನರನ್ನು ಮತಗಟ್ಟೆಗೆ ಕರೆದೊಯ್ಯುತ್ತಿದ್ದುದು ಆ ದಿನವೇ. ಯಾವ ಜನಾಂಗದವರು ಯಾವ ಸೌಲಭ್ಯ ಹೆಚ್ಚು ಬಳಸುತ್ತಾರೆ ಎಂಬ ಅಂಕಿಅಂಶವನ್ನು ಶಾಸಕರು ಮೊದಲೇ ತರಿಸಿಕೊಂಡಿದ್ದರು. 2016ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಕಾಯ್ದೆಯನ್ನು ಹೊಡೆದುಹಾಕಿ, ಕಪ್ಪು ಜನರನ್ನು ಶಸ್ತ್ರಚಿಕಿತ್ಸೆಯಷ್ಟು ಕರಾರುವಾಕ್ಕಾಗಿ ಗುರಿ ಮಾಡಲಾಗಿದೆ ಎಂದಿತು. ಗೆಲುವೇನೋ ಸಿಕ್ಕಿತು, ಆದರೆ ಅಷ್ಟರಲ್ಲಿ 2014ರ ಚುನಾವಣೆ ಆಗಿಹೋಗಿತ್ತು. ಮತ ಹಾಕಲಾಗದವರಿಗೆ ಆ ಚುನಾವಣೆಯನ್ನು ಯಾವ ತೀರ್ಪೂ ಮರಳಿ ಕೊಡಲಾರದು.

ದಾವೆಯ ದಾರಿಯೂ ಕಿರಿದಾಗುತ್ತಿದೆ. 2021ರ ‘ಬರ್ನೊವಿಚ್’ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ಅರಿಜೋನಾದ ನಿಯಮಗಳನ್ನು ಎತ್ತಿಹಿಡಿದು, ಮತ ಹಾಕುವಲ್ಲಿ ಮಾಮೂಲಿನಷ್ಟು ತೊಂದರೆ ಎಲ್ಲರಿಗೂ ಇರುತ್ತದೆ, ಜನಾಂಗಗಳ ನಡುವೆ ಸಣ್ಣ ಅಂತರ ಕಂಡ ಮಾತ್ರಕ್ಕೆ ಕಾನೂನು ಮುರಿದಂತಲ್ಲ ಎಂದಿತು. 2023ರಲ್ಲಿ 8ನೇ ಸರ್ಕ್ಯೂಟ್ ನ್ಯಾಯಾಲಯ, 2ನೇ ಸೆಕ್ಷನ್‌ನಡಿ ಖಾಸಗಿಯವರು ದಾವೆ ಹೂಡುವಂತೆಯೇ ಇಲ್ಲ ಎಂದು ತನ್ನ ವ್ಯಾಪ್ತಿಯ ಏಳು ರಾಜ್ಯಗಳ ಮಟ್ಟಿಗೆ ತೀರ್ಪಿತ್ತಿತು.

ಹೆಚ್ಚು ಗದ್ದಲ ಎಬ್ಬಿಸಿದ್ದು ಜಾರ್ಜಿಯಾದ ಎಸ್‌ಬಿ 202. 2020ರಲ್ಲಿ ಜೋ ಬೈಡನ್ ಆ ರಾಜ್ಯವನ್ನು 11,779 ಮತಗಳಿಂದ ಗೆದ್ದರು. 2021ರ ಮಾರ್ಚ್ 25ರಂದು ರಿಪಬ್ಲಿಕನ್ ಗವರ್ನರ್ ಬ್ರಯಾನ್ ಕೆಂಪ್ 98 ಪುಟಗಳ ಈ ಕಾಯ್ದೆಗೆ ಸಹಿ ಹಾಕಿದರು. ಸಾಲಿನಲ್ಲಿ ನಿಂತವರಿಗೆ ನೀರು, ತಿಂಡಿ ಕೊಡುವುದನ್ನು ಅದು ಅಪರಾಧ ಮಾಡಿತು. ಪತ್ರಿಕೆಗಳು ಹಿಡಿದದ್ದು ಇದನ್ನೇ, ಯಾಕೆಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಸಾಲುಗಳು ಎಲ್ಲರಿಗೂ ಒಂದೇ ಉದ್ದ ಇಲ್ಲ ಎಂಬುದೂ ನಿಜ: 2016ರ ಚುನಾವಣೆಯ ಮೊಬೈಲ್ ಫೋನ್ ದತ್ತಾಂಶ ಜಾಲಾಡಿದ ಸಂಶೋಧಕರಿಗೆ ಪೂರ್ತಿ ಕಪ್ಪು ಜನರ ಬಡಾವಣೆಗಳವರು ಪೂರ್ತಿ ಬಿಳಿಯರ ಬಡಾವಣೆಗಳವರಿಗಿಂತ ಶೇ 29ರಷ್ಟು ಹೆಚ್ಚು ಹೊತ್ತು ಕಾಯುತ್ತಾರೆ ಎಂದು ಗೊತ್ತಾಯಿತು. ಆದರೂ ನನ್ನ ಲೆಕ್ಕದಲ್ಲಿ ಭಾರವಾದ ಅಂಶಗಳು ಬೇರೆ. ಅಂಚೆ ಮತಪತ್ರ ಕೇಳುವ ಅವಧಿ ಅರ್ಧಕ್ಕಿಂತ ಕಡಿಮೆಯಾಯಿತು. ಅಟ್ಲಾಂಟಾ ಸುತ್ತಿನ ಕೌಂಟಿಗಳಲ್ಲಿ ಮತಪತ್ರ ಹಾಕುವ ಡ್ರಾಪ್ ಬಾಕ್ಸ್‌ಗಳು ಕಾಲು ಭಾಗದ ಹತ್ತಿರಕ್ಕೆ ಇಳಿದವು. ಒಬ್ಬನೇ ಮತದಾರ ಎಷ್ಟು ಜನರ ಅರ್ಹತೆಯನ್ನು ಬೇಕಾದರೂ ಪ್ರಶ್ನಿಸಬಹುದು ಎಂದು ಸ್ಪಷ್ಟವಾಗಿ ಬರೆಯಲಾಯಿತು.

ಕಾಯ್ದೆ ತಂದ ರಿಪಬ್ಲಿಕನ್ನರ ಮಾತೂ ಪೊಳ್ಳಲ್ಲ. ಡ್ರಾಪ್ ಬಾಕ್ಸ್ ಕೋವಿಡ್ ಕಾಲದ ತುರ್ತು ಏರ್ಪಾಡು, ಅದಕ್ಕೆ ಕಾಯ್ದೆಯ ಬಲ ಕೊಟ್ಟದ್ದೇ ಎಸ್‌ಬಿ 202. ಮುಂಚಿತ ಮತದಾನಕ್ಕೆ ಎರಡು ಶನಿವಾರಗಳನ್ನು ಅದು ಕಡ್ಡಾಯ ಮಾಡಿತು. ದಕ್ಷಿಣದಲ್ಲಿ ಕಪ್ಪು ಜನರನ್ನು ಹತ್ತಿಕ್ಕಿದ ಹಳೆಯ ಕಾಯ್ದೆಗಳಿಗೆ ‘ಜಿಮ್ ಕ್ರೋ’ ಎಂದು ಹೆಸರು; ಬೈಡನ್ ಇದನ್ನು ‘21ನೇ ಶತಮಾನದ ಜಿಮ್ ಕ್ರೋ’ ಎಂದದ್ದು ಅತಿಯಾಯಿತು; ಲಾಠಿ ಏಟಿನ ಕಾಲಕ್ಕೂ ಕಡಿಮೆಯಾದ ಪೆಟ್ಟಿಗೆಗಳಿಗೂ ಒಂದೇ ಹೆಸರಿಟ್ಟರೆ ಎರಡನ್ನೂ ಸರಿಯಾಗಿ ನೋಡಲಾಗುವುದಿಲ್ಲ. 2022ರಲ್ಲಿ ಜಾರ್ಜಿಯಾದ ಮುಂಚಿತ ಮತದಾನ ಮಧ್ಯಂತರ ಚುನಾವಣೆಗಳ ಹಳೆಯ ದಾಖಲೆಗಳನ್ನು ಮುರಿಯಿತು. ‘ದಮನ ಎಲ್ಲಿದೆ ತೋರಿಸಿ’ ಎಂದು ರಿಪಬ್ಲಿಕನ್ನರು ಕೇಳಿದರು. ಈ ಕಾಯ್ದೆಯ ವಿರುದ್ಧ ಬೈಡನ್ ಸರ್ಕಾರ ಹೂಡಿದ್ದ ದಾವೆಯನ್ನು ಟ್ರಂಪ್ ಸರ್ಕಾರ 2025ರ ಮಾರ್ಚ್‌ನಲ್ಲಿ ಕೈಬಿಟ್ಟಿತು.

ಸಂಶೋಧನೆಯೂ ಎರಡೂ ಕಡೆಯವರ ಬಾಯಿ ಕಟ್ಟುತ್ತದೆ. ಅರ್ಥಶಾಸ್ತ್ರಜ್ಞರಾದ ಎನ್ರಿಕೊ ಕಾಂಟೋನಿ ಮತ್ತು ವಿನ್ಸೆಂಟ್ ಪಾನ್ಸ್ 2008ರಿಂದ 2018ರವರೆಗಿನ ದೇಶವ್ಯಾಪಿ ದಾಖಲೆ ನೋಡಿ, ಕಟ್ಟುನಿಟ್ಟಿನ ಚೀಟಿ ನಿಯಮದಿಂದ ಯಾವ ಜನಾಂಗದ ಮತದಾನವೂ ಅಳತೆಗೆ ಸಿಗುವಷ್ಟು ತಗ್ಗಿಲ್ಲ ಎಂದರು. ಅದೇ ಪ್ರಬಂಧದ ಇನ್ನೊಂದು ಮಾತನ್ನು ಕಡಿಮೆ ಜನ ಉದ್ಧರಿಸುತ್ತಾರೆ: ಅಕ್ರಮದ ಮೇಲೂ ಆ ನಿಯಮ ಪರಿಣಾಮ ಬೀರಿಲ್ಲ. ಇಂಡಿಯಾನಾದ ಚೀಟಿ ಕಾಯ್ದೆಯನ್ನು 2008ರಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟ್, ಆ ರಾಜ್ಯದಲ್ಲಿ ಮತಗಟ್ಟೆಗೆ ಬಂದು ಬೇರೆಯವರ ಹೆಸರಲ್ಲಿ ಮತ ಹಾಕಿದ್ದಕ್ಕೆ ಕಡತದಲ್ಲಿ ಒಂದೂ ಸಾಕ್ಷ್ಯವಿಲ್ಲ ಎಂದು ತಾನೇ ಬರೆದಿತ್ತು.

ಹಾಗಾದರೆ ಒಟ್ಟು ಮತದಾನದ ಶೇಕಡಾವಾರು ನೋಡಿ ತೀರ್ಮಾನಿಸಬಹುದೇ? ನನಗೆ ಹಾಗನಿಸುವುದಿಲ್ಲ. ನಿಯಮ ಬಿಗಿಯಾದಾಗ ಸಂಘಟನೆಗಳು ರೊಚ್ಚಿಗೆದ್ದು ದುಡ್ಡು, ಜನ, ವಾಹನ ಹಾಕಿ ಮತದಾರರನ್ನು ಹೊರಡಿಸುತ್ತವೆ. ನಾರ್ತ್ ಡಕೋಟಾ ಮನೆ ವಿಳಾಸವಿರುವ ಚೀಟಿ ಕಡ್ಡಾಯ ಮಾಡಿದಾಗ, ಬೀದಿಗೆ ಹೆಸರೇ ಇಲ್ಲದ ಆದಿವಾಸಿ ಮೀಸಲು ಪ್ರದೇಶಗಳಲ್ಲಿ ಬುಡಕಟ್ಟು ಸರ್ಕಾರಗಳು 2018ರಲ್ಲಿ ಬಿಟ್ಟಿಯಾಗಿ ಚೀಟಿ ಅಚ್ಚು ಹಾಕಿ ಹಂಚಿದವು. ಮತದಾನ ಏರಿತು. ಆ ಖರ್ಚು, ಶ್ರಮ ಒಂದು ಸಮುದಾಯದ ತಲೆಗೆ ಮಾತ್ರ ಬಿದ್ದದ್ದು ಶೇಕಡಾವಾರಿನಲ್ಲಿ ಕಾಣುವುದಿಲ್ಲ. ತಿರಸ್ಕೃತ ಮತಗಳೂ ಕಾಣುವುದಿಲ್ಲ. ಟೆಕ್ಸಸ್‌ನ 2021ರ ಕಾಯ್ದೆ ಅಂಚೆ ಮತದ ಲಕೋಟೆಯ ಮೇಲೆ ಗುರುತಿನ ಸಂಖ್ಯೆ ಬರೆಯಬೇಕು, ಅದು ದಾಖಲೆಯ ಸಂಖ್ಯೆಗೆ ಹೊಂದಬೇಕು ಎಂದಿತು. 2022ರ ಮಾರ್ಚ್‌ನ ಪ್ರಾಥಮಿಕ ಚುನಾವಣೆಯಲ್ಲಿ ಬಂದ ಅಂಚೆ ಮತಗಳಲ್ಲಿ ಸುಮಾರು ಶೇ 12 ತಿರಸ್ಕೃತವಾದವು. ಕಾನ್ಸಾಸ್‌ನಲ್ಲಿ ಪೌರತ್ವದ ಕಾಗದ ಕೇಳಿದ ನಿಯಮ 30,000ಕ್ಕೂ ಹೆಚ್ಚು ಅರ್ಜಿಗಳನ್ನು ತಡೆಹಿಡಿಯಿತು. ಸುಮಾರು ಎರಡು ದಶಕಗಳಲ್ಲಿ ಅಲ್ಲಿ ಪಟ್ಟಿ ಸೇರಿದ ಪೌರರಲ್ಲದವರು ಹೆಚ್ಚೆಂದರೆ 39 ಎಂದು ನ್ಯಾಯಾಲಯ ಲೆಕ್ಕ ಹಾಕಿತು. ಇಂಥ ಕಾಗದವನ್ನು ದೇಶಕ್ಕೆಲ್ಲ ಕಡ್ಡಾಯ ಮಾಡುವ ‘ಸೇವ್’ ಮಸೂದೆಗೆ 2025ರ ಏಪ್ರಿಲ್‌ನಲ್ಲಿ ಕೆಳಮನೆ ಒಪ್ಪಿಗೆ ಕೊಟ್ಟಿತು.

ಈ ಜಗಳ ನಮ್ಮವರನ್ನು ತಟ್ಟುವುದು ಹೆಸರಿನ ಮೂಲಕ. ಜಾರ್ಜಿಯಾದಲ್ಲಿ ಅರ್ಜಿಯ ಹೆಸರು ಡ್ರೈವಿಂಗ್ ಲೈಸೆನ್ಸ್ ಅಥವಾ ಸೋಷಿಯಲ್ ಸೆಕ್ಯೂರಿಟಿ ದಾಖಲೆಗೆ ಅಕ್ಷರಶಃ ಹೊಂದಬೇಕಿತ್ತು. 2018ರಲ್ಲಿ ಹೀಗೆ ತಡೆಹಿಡಿದ ಅರ್ಜಿಗಳು ಸುಮಾರು 53,000. ಅದರಲ್ಲಿ ಶೇ 70ರ ಹತ್ತಿರ ಕಪ್ಪು ಜನರದು. ಚುನಾವಣಾ ಉಸ್ತುವಾರಿ ಹೊತ್ತಿದ್ದ ಕೆಂಪ್ ಅದೇ ವರ್ಷ ಗವರ್ನರ್ ಹುದ್ದೆಗೆ ಅಭ್ಯರ್ಥಿಯೂ ಆಗಿದ್ದರು. 2019ರಲ್ಲಿ ನಿಯಮ ಸಡಿಲವಾಯಿತು, 2022ರಲ್ಲಿ ಫೆಡರಲ್ ನ್ಯಾಯಾಧೀಶರು ಈ ಬಗೆಗಿನ ಮುಖ್ಯ ದಾವೆಯನ್ನು ರಾಜ್ಯದ ಪರ ತೀರ್ಮಾನಿಸಿದರು. ಆದರೆ ಊರು ಮತ್ತು ತಂದೆಯ ಹೆಸರು ಇನಿಷಿಯಲ್ ಆಗಿರುವ ಕನ್ನಡಿಗನ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಥರ, ಲೈಸೆನ್ಸಿನಲ್ಲಿ ಇನ್ನೊಂದು ಥರ ಇರುವುದು ಸಾಮಾನ್ಯ. ಗ್ರೀನ್ ಕಾರ್ಡ್ ಕಾಲದಲ್ಲಿ ಲೈಸೆನ್ಸ್ ಮಾಡಿಸಿ ಆಮೇಲೆ ಪೌರತ್ವ ಪಡೆದವರನ್ನು ಹಳೆಯ ದಾಖಲೆ ‘ಪೌರನಲ್ಲ’ ಎಂದೇ ತೋರಿಸುತ್ತದೆ.

ಆದ್ದರಿಂದ ಹೊಸದಾಗಿ ಪೌರರಾದವರು ಲೈಸೆನ್ಸ್ ಕಚೇರಿಯಲ್ಲೂ ಸೋಷಿಯಲ್ ಸೆಕ್ಯೂರಿಟಿ ಕಚೇರಿಯಲ್ಲೂ ದಾಖಲೆ ತಿದ್ದಿಸಿಕೊಳ್ಳುವುದು ಒಳ್ಳೆಯದು. ಎರಡರಲ್ಲೂ ಹೆಸರು ಒಂದೇ ರೀತಿ ಇರಲಿ. ನೋಂದಣಿಯ ಕೊನೇ ದಿನಕ್ಕೆ ಮೊದಲೇ ರಾಜ್ಯದ ಜಾಲತಾಣದಲ್ಲಿ ಹೆಸರಿದೆಯೇ ನೋಡಿಕೊಳ್ಳಬೇಕು. ಮತಗಟ್ಟೆಯಲ್ಲಿ ತಕರಾರು ಬಂದರೆ ಸುಮ್ಮನೆ ಮನೆಗೆ ಮರಳಬೇಕಿಲ್ಲ: 2002ರ ಫೆಡರಲ್ ಕಾಯ್ದೆಯ ಪ್ರಕಾರ ತಾತ್ಕಾಲಿಕ ಮತಪತ್ರ ಕೇಳಿ ಪಡೆಯಬಹುದು. ಚೀಟಿ ತರದೆ ಹೀಗೆ ಮತ ಹಾಕಿದವರು ಜಾರ್ಜಿಯಾದಲ್ಲಿ ಮೂರು ದಿನದೊಳಗೆ ಕೌಂಟಿ ಕಚೇರಿಗೆ ಗುರುತಿನ ಚೀಟಿ ಒಪ್ಪಿಸಿದರೆ ಆ ಮತ ಎಣಿಕೆಗೆ ಸೇರುತ್ತದೆ.