1633 ಅಡಿ ಕೆಳಗಿನ ಕಡಲು: ಕಲಾವಿದರಿಗೆ ಅನುದಾನ ಎಲ್ಲಿಂದ, ಹೇಗೆ?

ಕಡಲು ಮತ್ತು ಕರಾವಳಿಯ ಪರಿಸರವನ್ನು ಕುರಿತು ಕೆಲಸ ಮಾಡುವ ಕಲಾವಿದರಿಗೆ ದೊರೆಯುವ ಅನುದಾನಗಳ ಬಗ್ಗೆ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಉಡುಪಿ, ಕುಂದಾಪುರ, ಕಾರವಾರದ ಕಡೆಯವು. ಅದು ನಿರೀಕ್ಷಿತವೇ. ಆದರೆ ಸಿರುಗುಪ್ಪದಿಂದ ಬಂದ ಒಂದು ಪತ್ರ ಹಲವು ದಿನ ನನ್ನ ಮೇಜಿನ ಮೇಲೆಯೇ ಉಳಿಯಿತು. ಬರೆದವರು ಬಯಲಾಟದ ಮೇಳವೊಂದರಲ್ಲಿ ಹಾರ್ಮೋನಿಯಂ ನುಡಿಸುವವರು. ಅವರ ಪ್ರಶ್ನೆ ನೇರವಾಗಿತ್ತು: "ಮಾನ್ಯರೆ, ನಮ್ಮ ಜಿಲ್ಲೆಗೆ ಕಡಲೇ ಇಲ್ಲ. ಕಡಲಿನ ಹೆಸರಿನ ದುಡ್ಡು ನಮ್ಮ ಮೇಳಕ್ಕೆ ಹೇಗೆ ಬಂದೀತು? ಇಂಥ ಕಾರ್ಯಕ್ರಮದಿಂದ ನಮಗೇನು ಉಪಯೋಗ?"

ಈ ಪ್ರಶ್ನೆಗೆ ಪ್ರಸಾರದಲ್ಲಿ ಉತ್ತರ ಕೊಡಲು ಸಮಯ ಸಾಲದು. ಆದ್ದರಿಂದ ಈ ಪುಟಗಳಲ್ಲಿ ಪ್ರಯತ್ನಿಸುತ್ತೇನೆ.

ಮೊದಲು ಕಡಲಿನ ಮಾತು. ಮಳೆಗಾಲದಲ್ಲಿ ಬಳ್ಳಾರಿ, ಕುರುಗೋಡು, ಸಿರುಗುಪ್ಪದ ರೈತರು ಪತ್ರಿಕೆಯಲ್ಲಿ ಮೊದಲು ನೋಡುವುದು ತುಂಗಭದ್ರಾ ಜಲಾಶಯದ ಮಟ್ಟವನ್ನು. ಗರಿಷ್ಠ ಮಟ್ಟ 1633 ಅಡಿ ಎಂಬುದು ಶಾಲೆಯ ಹುಡುಗನಿಗೂ ಬಾಯಿಪಾಠ. ಈ 1633 ಅಡಿ ಎಲ್ಲಿಂದ ಎಣಿಸಿದ್ದು? ಅಣೆಕಟ್ಟೆಯ ಬುಡದಿಂದಲ್ಲ. ಅದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ. ಭಾರತದ ಸರ್ವೇಕ್ಷಣಾ ಇಲಾಖೆಯವರು ಒಂಬತ್ತು ಬಂದರುಗಳಲ್ಲಿ ಉಬ್ಬರ ಇಳಿತಗಳನ್ನು ಅಳೆದು, ಅವುಗಳ ಸರಾಸರಿಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೇಶದ ಎತ್ತರಗಳಿಗೆಲ್ಲ ಸೊನ್ನೆ ಎಂದು ನಿಗದಿ ಮಾಡಿದರು. ಆ ಒಂಬತ್ತು ಬಂದರುಗಳಲ್ಲಿ ನಮ್ಮ ಕಾರವಾರವೂ ಒಂದು. ಹಾಗೆ ನೋಡಿದರೆ ಸಿರುಗುಪ್ಪದ ಭತ್ತದ ರೈತ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಓದುವುದು ಕಡಲಿನ ಲೆಕ್ಕವನ್ನೇ.

ಇನ್ನು ನೀರಿನ ದಾರಿ. ಹಗರಿ ಎಂದು ನಾವು ಕರೆಯುವ ವೇದಾವತಿ ಸಿರುಗುಪ್ಪದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಕರ್ನೂಲಿನ ಆಚೆ ಕೃಷ್ಣೆಗೆ ಸೇರಿ, ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ನದಿ ನೀರನ್ನಷ್ಟೇ ಒಯ್ಯುವುದಿಲ್ಲ, ಮಣ್ಣನ್ನೂ ಒಯ್ಯುತ್ತದೆ. ನದೀಮುಖದಲ್ಲಿ ಕಡಲಿನ ಅಲೆ ದಡವನ್ನು ಕೊರೆಯುತ್ತಲೇ ಇರುತ್ತದೆ. ನದಿ ತಂದು ಹಾಕುವ ಹೂಳು ಆ ನಷ್ಟವನ್ನು ತುಂಬುತ್ತದೆ. ಜಮೆ ಮತ್ತು ಖರ್ಚು ಸರಿದೂಗಿದರೆ ದಡ ನಿಲ್ಲುತ್ತದೆ.

ನಮ್ಮ ಭಾಗದ ಜಮೆ ಎಲ್ಲಿಗೆ ಹೋಯಿತು? 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಲ್ಲಿಸಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಇತ್ತೀಚಿನ ಸಮೀಕ್ಷೆಯ ಪ್ರಕಾರ ಅದು 105.788 ಟಿಎಂಸಿ. ನಡುವಿನ ಸುಮಾರು 27 ಟಿಎಂಸಿ ಜಾಗವನ್ನು ಹೂಳು ಆಕ್ರಮಿಸಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಓದಿದವನಾದ್ದರಿಂದ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ: ಸುಮಾರು 76 ಕೋಟಿ ಘನ ಮೀಟರ್. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ಗಳಲ್ಲಿ ತುಂಬಿದರೆ ಏಳೂವರೆ ಕೋಟಿ ಲೋಡಿಗೂ ಹೆಚ್ಚು. ಇದು ಒಂದು ಅಣೆಕಟ್ಟೆಯ ಲೆಕ್ಕ ಮಾತ್ರ. ಕೃಷ್ಣಾ ಕೊಳ್ಳದಲ್ಲಿ ಇಂಥವು ಇನ್ನೂ ಇವೆ. ಕೃಷ್ಣಾ ನದೀಮುಖದ ದಡ ಹಲವೆಡೆ ಹಿಂದೆ ಸರಿಯುತ್ತಿರುವುದನ್ನು ವಿಜ್ಞಾನಿಗಳು ಉಪಗ್ರಹ ಚಿತ್ರಗಳಿಂದ ಗುರುತಿಸಿದ್ದಾರೆ. ಹೂಳು ಇಲ್ಲಿ ನಮ್ಮ ಎರಡನೆಯ ಬೆಳೆಯ ನೀರನ್ನು ಕಡಿಮೆ ಮಾಡಿತು. ಅದೇ ಹೂಳು ತಲುಪದೆ ಅಲ್ಲಿ ಬೆಸ್ತರ ದಡ ಕರಗುತ್ತಿದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದದ್ದು ಯಾರಿಗೂ ಮರೆತಿಲ್ಲ. ನೀರು ಸಮುದ್ರದ ಪಾಲಾಯಿತು ಎಂದು ಆಗ ಎಲ್ಲರೂ ಮರುಗಿದರು. ರೈತನ ದೃಷ್ಟಿಯಿಂದ ಆ ಮಾತು ನೂರಕ್ಕೆ ನೂರು ನಿಜ. ಆದರೆ ಸಮುದ್ರಕ್ಕೂ ಒಂದು ಪಾಲು ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಸಿರುಗುಪ್ಪದ ವೇದಿಕೆಯ ಮೇಲೆ ಎತ್ತುವ ಧೈರ್ಯ ಯಾವ ಅಧಿಕಾರಿಗೂ ಇರಲಾರದು. ಬಯಲಾಟದ ಸಾರಥಿಗೆ ಇದೆ. ಅವನು ಯಾರನ್ನು ಬೇಕಾದರೂ ಗೇಲಿ ಮಾಡಬಲ್ಲ.

ಇನ್ನೊಂದು ವಸ್ತು ಹಾವುಮೀನು. ದಕ್ಷಿಣ ಭಾರತದ ನದಿಗಳ ಈ ಮೀನು ಹುಟ್ಟುವುದು ಕಡಲಿನಲ್ಲಿ, ಬೆಳೆಯುವುದು ನದಿಯಲ್ಲಿ. ಮೊಟ್ಟೆ ಇಡಲು ಮತ್ತೆ ಕಡಲಿಗೇ ಹೋಗಬೇಕು. ದಾರಿಯಲ್ಲಿ ಅಣೆಕಟ್ಟೆ ಬಂದರೆ ಅದರ ಗತಿಯೇನು? ತವರಿಗೆ ಹೋಗುವ ದಾರಿ ಕಟ್ಟಿದ ಕಥೆ ಇದು. ನಮ್ಮ ಹೆಣ್ಣುಮಕ್ಕಳ ಹಾಡಿನ ಧಾಟಿಗೆ ತಾನಾಗಿ ಕೂಡುತ್ತದೆ. ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಸರ್ಕಾರ ಘೋಷಿಸಿದೆ. ಅದೂ ವಸ್ತುವೇ.

ಮೂರನೆಯದು ಅದಿರು. ಬಳ್ಳಾರಿಯ ಕೆಂಪು ಮಣ್ಣು ಬಂಗಾಳ ಕೊಲ್ಲಿಗೆ ಹೋಗದಿದ್ದರೂ ಲಾರಿ ಹತ್ತಿ ಅರಬ್ಬೀ ಸಮುದ್ರಕ್ಕೆ ಹೋಗಿತ್ತು. ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿಯಾಗಿದ್ದ ಲಕ್ಷಾಂತರ ಟನ್ ಅದಿರು ಕಾಣೆಯಾದದ್ದು, 2011ರ ಲೋಕಾಯುಕ್ತ ವರದಿ ಬಂದದ್ದು ಎಲ್ಲರಿಗೂ ತಿಳಿದ ಸಂಗತಿ. ಎರಡು ಕಡಲುಗಳ ಜೊತೆ ಹೀಗೆ ನಂಟಿರುವ ಒಳನಾಡಿನ ಊರುಗಳು ಹೆಚ್ಚಿಲ್ಲ. ಆದ್ದರಿಂದ ನಮಗೆ ಕಡಲಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ.

ಈಗ ದುಡ್ಡಿನ ವಿಷಯ. ಇಲ್ಲಿ ನಾಲ್ಕು ಪದಗಳನ್ನು ಬೇರೆ ಬೇರೆ ಮಾಡಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಪ್ರಶಸ್ತಿ ಎಂಬುದು ಮಾಡಿ ಮುಗಿಸಿದ ಕೆಲಸಕ್ಕೆ. ಮಾಸಾಶನ ವಯಸ್ಸಾದ ಕಲಾವಿದರ ಜೀವನಕ್ಕೆ. ಇಲಾಖೆಗಳು ಬೀದಿನಾಟಕ, ಕಲಾಜಾಥಾಗಳಿಗೆ ಪ್ರದರ್ಶನಕ್ಕೆ ಇಷ್ಟು ಎಂದು ಕೊಡುವುದು ಸಂಭಾವನೆ. ಅಲ್ಲಿ ಹೇಳಬೇಕಾದ ಮಾತು ಇಲಾಖೆಯದು, ಗಂಟಲು ಮಾತ್ರ ಕಲಾವಿದನದು. ಅನುದಾನ ಇವು ಮೂರಕ್ಕಿಂತ ಭಿನ್ನ. ಅದು ಇನ್ನೂ ಹುಟ್ಟದ ಕೃತಿಗೆ ಮುಂಗಡವಾಗಿ ಸಿಗುವ ನೆರವು. ಪ್ರಶ್ನೆ ಕಲಾವಿದನದೇ, ಉತ್ತರವೂ ಅವನದೇ. ನಮ್ಮ ಜಾನಪದ ಕಲಾವಿದರಿಗೆ ಮೊದಲ ಮೂರು ಚೆನ್ನಾಗಿ ಗೊತ್ತು. ನಾಲ್ಕನೆಯದನ್ನು ಅವರಿಗೆ ಯಾರೂ ಸರಿಯಾಗಿ ಹೇಳಿಲ್ಲ. ಇದರಲ್ಲಿ ನಮ್ಮಂಥ ಮಾಧ್ಯಮದವರ ತಪ್ಪೂ ಇದೆ.

ಕಡಲಿಗೆಂದೇ ಮೀಸಲಾದ ಅನುದಾನಗಳು ಹೊರದೇಶಗಳಲ್ಲಿವೆ. 2001ರಲ್ಲಿ ಆರಂಭವಾದ ಬ್ರಿಟನ್ನಿನ ಕೇಪ್ ಫೇರ್‌ವೆಲ್ ಸಂಸ್ಥೆ ಕಲಾವಿದರನ್ನು ವಿಜ್ಞಾನಿಗಳ ಜೊತೆ ಉತ್ತರ ಧ್ರುವದ ಕಡಲಿಗೆ ಕಳಿಸಿದೆ. ಅಮೆರಿಕದ ಷ್ಮಿಟ್ ಓಷನ್ ಇನ್‌ಸ್ಟಿಟ್ಯೂಟ್ ತನ್ನ ಸಂಶೋಧನಾ ಹಡಗಿನಲ್ಲಿ ಕಲಾವಿದರಿಗೂ ಜಾಗ ಕೊಡುತ್ತದೆ. ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಅವಧಿಯನ್ನು ಸಾಗರ ವಿಜ್ಞಾನದ ದಶಕವೆಂದು ಸಾರಿರುವುದರಿಂದ ಇಂಥ ಕರೆಗಳಿಗೆ ಬಲ ಬಂದಿದೆ. ಇವುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಹಡಗಿನ ಕಥೆಯಲ್ಲ. ವರ್ತ್‌ಹೈಮ್ ಸೋದರಿಯರು 2005ರಲ್ಲಿ ಆರಂಭಿಸಿದ ಕ್ರೋಶಾ ಹವಳದ ದಿಬ್ಬ. ಡೈನಾ ಟೈಮಿನಾ ಎಂಬ ಗಣಿತಜ್ಞೆ ಒಂದು ಕ್ಲಿಷ್ಟ ಜ್ಯಾಮಿತಿಯನ್ನು ಕ್ರೋಶಾ ಕಡ್ಡಿಯಿಂದ ಹೆಣೆದು ತೋರಿಸಿದ್ದರು. ಆ ನೆರಿಗೆಗಳು ಹವಳದಂತೆಯೇ ಕಾಣುತ್ತವೆ. ಅದನ್ನು ಆಧರಿಸಿ ಹಲವು ದೇಶಗಳ ಸಾವಿರಾರು ಜನ, ಹೆಚ್ಚಾಗಿ ಹೆಂಗಸರು, ಉಣ್ಣೆಯ ಹವಳ ಹೆಣೆದರು. ಅವರಲ್ಲಿ ಬಹುಪಾಲು ಜನ ಹವಳದ ದಿಬ್ಬದ ಹತ್ತಿರವೂ ಹೋದವರಲ್ಲ. ಸಂಡೂರಿನ ಲಂಬಾಣಿ ಕಸೂತಿಯವರು ಇದನ್ನು ನೋಡಿದರೆ ಏನು ಮಾಡಿಯಾರು ಎಂದು ನನಗೆ ಆಗಾಗ ಅನ್ನಿಸುತ್ತದೆ.

ನಮ್ಮಲ್ಲಿ ಕಡಲಿನ ಹೆಸರು ಹೊತ್ತ ಅನುದಾನ ಹುಡುಕುತ್ತ ಕೂರಬೇಕಾಗಿಲ್ಲ. ಎಲ್ಲ ವಸ್ತುವಿಗೂ ತೆರೆದಿರುವ ಬಾಗಿಲುಗಳಿವೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್‌ನಲ್ಲಿ 25ರಿಂದ 40 ವರ್ಷದವರಿಗೆ ಕಿರಿಯರ ವಿಭಾಗ, ತಿಂಗಳಿಗೆ 10,000 ರೂಪಾಯಿ. 40 ದಾಟಿದವರಿಗೆ ಹಿರಿಯರ ವಿಭಾಗ, ತಿಂಗಳಿಗೆ 20,000 ರೂಪಾಯಿ. ಎರಡೂ ಎರಡು ವರ್ಷಕ್ಕೆ. 18ರಿಂದ 25ರ ಯುವ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯ ವಿದ್ಯಾರ್ಥಿವೇತನ ಪ್ರತ್ಯೇಕವಾಗಿದೆ. ಅರ್ಜಿ ಹಾಕುವ ಮುನ್ನ ಆ ವರ್ಷದ ಪ್ರಕಟಣೆಯನ್ನು ಓದಿ. ರಾಜ್ಯದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ನೋಂದಾಯಿತ ಸಂಘಗಳಿಗೆ ಸಿಗುತ್ತದೆ; ಅರ್ಜಿ ಸೇವಾ ಸಿಂಧು ಮೂಲಕ. ಪರಿಶಿಷ್ಟ ಜಾತಿ ಮತ್ತು ಪಂಗಡದ ಕಲಾವಿದರಿಗೆ ಇಲಾಖೆಯಲ್ಲಿ ಪ್ರತ್ಯೇಕ ಉಪಯೋಜನೆಗಳಿವೆ. ಜಾನಪದ, ಬಯಲಾಟ, ನಾಟಕ, ಲಲಿತಕಲಾ ಅಕಾಡೆಮಿಗಳೂ ಆಗಾಗ ಅರ್ಜಿ ಕರೆಯುತ್ತವೆ. ನಮ್ಮ ಕುರುಗೋಡು ಕಡೆಯ ಕಲ್ಲುಕಂಬದ ಮಂಜಮ್ಮ ಜೋಗತಿಯವರೇ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಅಕಾಡೆಮಿ ಎಂದರೆ ಬೆಂಗಳೂರಿನವರ ಸ್ವತ್ತು ಎಂದು ಹಿಂಜರಿಯುವವರು ಇದನ್ನು ನೆನೆಯಬೇಕು.

ಸರ್ಕಾರದ ಹೊರಗಿನ ಒಂದು ಬಾಗಿಲು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. 1993ರಲ್ಲಿ ಸ್ಥಾಪನೆಯಾಗಿ, 1995ರಿಂದ ಅನುದಾನ ಕೊಡುತ್ತ ಬಂದಿದೆ. ಕನ್ನಡದಲ್ಲೇ ಅರ್ಜಿ ಬರೆಯಬಹುದು ಎಂಬುದು ಇದರ ದೊಡ್ಡ ಅನುಕೂಲ. ಅನುದಾನದಿಂದ ಏನು ಸಾಧ್ಯ ಎಂಬುದಕ್ಕೆ ಹಳೆಯ ನಿದರ್ಶನ ಬೇಕಾದರೆ 1980ರ ದಶಕದ ಆರಂಭದಲ್ಲಿ ಹೆಗ್ಗೋಡಿನ ನೀನಾಸಮ್ ಕೈಗೊಂಡ 'ಜನಸ್ಪಂದನ' ಯೋಜನೆ ಇದೆ. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಊರೂರಿಗೆ ನಾಟಕ, ಚಲನಚಿತ್ರ ಹೋದವು.

ಕಂಪನಿಗಳ ಹಣವೂ ಇದೆ. 2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಬಳಸಬೇಕು. ಆ ಪಟ್ಟಿಯಲ್ಲಿ ಪರಿಸರ, ಕಲೆ, ಸಂಸ್ಕೃತಿ ಸೇರಿವೆ. ಗಣಿ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಅದಿರಿನ ಬಗ್ಗೆ ನಾಟಕ ಆಡುವವನು ಅದಿರಿನ ಹಣ ಪಡೆಯಬೇಕೇ? ಲಂಡನ್ನಿನ ಟೇಟ್ ವಸ್ತುಸಂಗ್ರಹಾಲಯ ಮತ್ತು ತೈಲ ಕಂಪನಿ ಬಿಪಿಯ ಪ್ರಾಯೋಜಕತ್ವದ ವಿರುದ್ಧ ಕಲಾವಿದರು ವರ್ಷಗಟ್ಟಲೆ ಪ್ರತಿಭಟಿಸಿದ್ದರು. 2017ರಲ್ಲಿ ಆ ಸಂಬಂಧ ಮುಗಿಯಿತು. ನನ್ನ ಅಭಿಪ್ರಾಯ ಇಷ್ಟೇ: ಹಣ ಪಡೆಯುವುದಾದರೆ, ಕಥೆಯಲ್ಲಿ ಕೈ ಹಾಕುವುದಿಲ್ಲ ಎಂದು ಮೊದಲೇ ಬರೆಸಿಕೊಳ್ಳಿ. ಬರೆದುಕೊಡಲು ಅವರು ಹಿಂಜರಿದರೆ ಉತ್ತರ ಅಲ್ಲೇ ಸಿಕ್ಕಿತು.

ಪುರಾಣದ ಮೇಳ ಹೊಸ ವಸ್ತುವನ್ನು ಹಿಡಿದೀತೇ ಎಂಬ ಅನುಮಾನ ಬಳ್ಳಾರಿಯವರಿಗೆ ಬರಬಾರದು. 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಲ್ಲಿ ಸ್ವಾತಂತ್ರ್ಯ ಸಂಗ್ರಾಮವನ್ನೂ ಗಾಂಧೀಜಿಯವರನ್ನೂ ತಂದವರು. ರಾಮ ರಾವಣರ ಪರದೆಯ ಮೇಲೆ ಚರಕ ತಿರುಗಿದ್ದನ್ನು ಜನ ಒಪ್ಪಿಕೊಂಡರು. ಹಾವುಮೀನನ್ನು ಒಪ್ಪದಿರುತ್ತಾರೆಯೇ? ನೆರಳಿನ ಆಟಕ್ಕೆ ನೀರಿನ ಜೀವಿಗಳಷ್ಟು ಒಗ್ಗುವ ವಸ್ತು ಇನ್ನೊಂದಿಲ್ಲ; ತೊಗಲಿನ ಹಿಂದಿನ ದೀಪ ಸ್ವಲ್ಪ ಅಲುಗಿದರೂ ಸಾಕು, ಪರದೆಯೆಲ್ಲ ನೀರಾಗುತ್ತದೆ.

ಅರ್ಜಿ ಬರೆಯುವಾಗ ಎಡವುವುದು ಎಲ್ಲಿ? ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಕುರುಗೋಡು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದಾಗ, ಗೊಂಬೆಯಾಡಿಸುವ ಹಿರಿಯರೊಬ್ಬರು ಹೊಸ ಆಟದ ಖರ್ಚಿನ ಪಟ್ಟಿ ತೋರಿಸಿದರು. ಆಡಿನ ಚರ್ಮ ಇಷ್ಟು, ಬಣ್ಣ ಇಷ್ಟು, ಟೆಂಪೋ ಬಾಡಿಗೆ, ಊಟ, ಬಲ್ಬು. ಎಲ್ಲ ಕರಾರುವಾಕ್ಕಾಗಿತ್ತು. ನಿಮ್ಮ ಕೂಲಿ ಎಲ್ಲಿ ಯಜಮಾನರೆ ಎಂದು ಕೇಳಿದೆ. "ನಮ್ದೇನು ಹಾಕಾದು ಬಿಡ್ರಿ ಸರ, ನಾವು ಮನಿ ಮಂದೀನೇ ಅಲ್ಲೇನ್ರಿ" ಎಂದರು. ಮನೆಯ ಆರು ಜನ ನಾಲ್ಕು ತಿಂಗಳು ಚರ್ಮ ಹದ ಮಾಡಿ, ಕೊರೆದು, ಬಣ್ಣ ಹಾಕುವ ಕೆಲಸಕ್ಕೆ ಬೆಲೆ ಸೊನ್ನೆ. ಅಂಥ ಪಟ್ಟಿ ನೋಡಿದ ಆಯ್ಕೆದಾರರು ಮೆಚ್ಚುವುದಿಲ್ಲ. ಕೆಲಸದ ಅಂದಾಜೇ ಇವರಿಗಿಲ್ಲ ಎಂದುಕೊಳ್ಳುತ್ತಾರೆ. ಅನುದಾನ ಇರುವುದೇ ಆ ನಾಲ್ಕು ತಿಂಗಳು ಭತ್ತದ ಗದ್ದೆಗೆ ಕೂಲಿಗೆ ಹೋಗದೆ ಗೊಂಬೆ ಮಾಡಲಿ ಎಂದು.

ಎರಡನೆಯ ಎಡವಟ್ಟು, ಬಯಸುವುದನ್ನು ಬಿಟ್ಟು ಅವರು ಬಯಸಿಯಾರು ಎಂದುಕೊಂಡದ್ದನ್ನು ಬರೆಯುವುದು. 'ಪರಿಸರ ಜಾಗೃತಿ ಮೂಡಿಸುವುದು' ಎಂಬ ಸಾಲು ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ಅದರ ಬದಲು, ಹಗರಿಯಲ್ಲಿ ಹಾವುಮೀನು ಹಿಡಿದ ಹಿರಿಯರು ನಮ್ಮೂರಲ್ಲಿ ಯಾರಿದ್ದಾರೆ, ಅವರನ್ನು ಕೇಳಿ ಕಥೆ ಕಟ್ಟುತ್ತೇವೆ, ಹಂಸಲದೀವಿಗೆ ಒಮ್ಮೆ ಹೋಗಿ ಬರುತ್ತೇವೆ, ಹನ್ನೆರಡು ಗೊಂಬೆ ಮಾಡುತ್ತೇವೆ, ಕಾಲುವೆಯ ಕೊನೆಯ ಐದು ಹಳ್ಳಿಗಳಲ್ಲಿ ಆಡುತ್ತೇವೆ ಎಂದು ಬರೆಯಿರಿ. ಓದುವವರ ಕಣ್ಣ ಮುಂದೆ ಕೆಲಸ ನಿಲ್ಲಬೇಕು. ವಿಜ್ಞಾನದ ಸಂಗತಿಗಳಿಗೆ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯ ತೊಡಕು ಲೆಕ್ಕ. ಹಣ ಕಂತಿನಲ್ಲಿ ಬರುತ್ತದೆ; ಮೊದಲ ಕಂತಿನ ಹಣ ಬಳಕೆ ಪ್ರಮಾಣಪತ್ರ ಕೊಡದೆ ಎರಡನೆಯದು ಬರುವುದಿಲ್ಲ. ನಾನೇ ಒಮ್ಮೆ ಸಾಕ್ಷ್ಯಚಿತ್ರವೊಂದಕ್ಕೆ ಸಂಸ್ಥೆಯೊಂದರಿಂದ ನೆರವು ಪಡೆದು, ದೋಣಿ ಬಾಡಿಗೆಯ ರಸೀದಿ ಇಲ್ಲವೆಂದು ಎರಡನೆಯ ಕಂತಿಗೆ ಹನ್ನೊಂದು ತಿಂಗಳು ಕಾದೆ. ಹರಿಗೋಲಿನವನು ರಸೀದಿ ಪುಸ್ತಕ ಇಟ್ಟಿರುತ್ತಾನೆಯೇ ಎಂದು ನಾನು ವಾದಿಸಿದ್ದು ನ್ಯಾಯವೇ, ಆದರೆ ಫಲ ಸಿಗಲಿಲ್ಲ. ಬಿಳಿ ಹಾಳೆಯಲ್ಲಿ ದಿನಾಂಕ, ಮೊತ್ತ, ಕೆಲಸ ಬರೆದು ಅಲ್ಲೇ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡಿದ್ದರೆ ಸಾಕಿತ್ತು.

ಸಿರುಗುಪ್ಪದ ವೀಕ್ಷಕರೇ, ತಾವು ಪತ್ರದ ಜೊತೆಗೆ ಕಳಿಸಿದ ಹೊಸ ಆಟದ ಕರಡನ್ನು ಓದಿದ್ದೇನೆ. ಹೂಳನ್ನು ರಾಕ್ಷಸನ ಪಾತ್ರ ಮಾಡಿರುವುದು ಚೆನ್ನಾಗಿದೆ. ಆದರೆ ಕೆಳಗಿನ ಊರಿನವರಿಗೆ ಅದೇ ಹೂಳು ದೇವರು, ಆ ಮಾತನ್ನೂ ಒಂದು ಪಾತ್ರದ ಬಾಯಲ್ಲಿ ಹೇಳಿಸಿ ನೋಡಿ. ಖರ್ಚಿನ ಪಟ್ಟಿಯಲ್ಲಿ ಭಾಗವತರಿಗೆ, ಮದ್ದಳೆಯವರಿಗೆ, ವೇಷದವರಿಗೆ ಸಂಭಾವನೆ ಇದೆ. ಹಾರ್ಮೋನಿಯಂ ಮಾಸ್ತರರ ಸಾಲು ಬಿಟ್ಟುಹೋಗಿದೆ. ಅದನ್ನು ಸೇರಿಸಿ ಕಳಿಸಿ.